ಓ ಅನ್ನುವವರೆಗೆ

ನಮ್ಮ ಊರಿನಲ್ಲಿ ಯಾರನ್ನಾದರೂ ಕರೆದರೆ, ಅವರು "ಓ" ಅನ್ನುವವರೆಗೆ ಕರೆದವರ ಕಾಲು ನೆಲ ಬಿಡುವುದಿಲ್ಲ. ಕೈ ಆಡುತ್ತದೆ, ಬಾಯಿ ಆಡುತ್ತದೆ, ಬೇಕಾದರೆ ನಿಂತಲ್ಲೇ ಕೂತು ಏಳಬಹುದು. ಪಾದ ಮಾತ್ರ ಇದ್ದಲ್ಲೇ. ಹಾಗಾಗಿ ಒಲೆಯ ಮೇಲೆ ಹಾಲಿಟ್ಟ ಹೆಂಗಸರು ಯಾರನ್ನೂ ಕರೆಯುವುದಿಲ್ಲ. ಬೇಕಾದವರ ಹತ್ತಿರ ಎದ್ದು ಹೋಗಿ ಭುಜ ತಟ್ಟುತ್ತಾರೆ. ಶಾಲೆಯ ಮಾಸ್ತರರು ಹಾಜರಿ ತೆಗೆದುಕೊಳ್ಳುವಾಗ ಹೆಸರು ಬಿಟ್ಟು ನಂಬರು ಹಿಡಿಯುತ್ತಾರೆ. ಹಿಂದೊಮ್ಮೆ ಒಬ್ಬ ಮಾಸ್ತರರು ಜ್ವರ ಬಂದು ಮನೆಯಲ್ಲಿ ಮಲಗಿದ್ದ ಹುಡುಗಿಯ ಹೆಸರು ಕೂಗಿ, ಅವಳನ್ನು ಕಂಬಳಿಯಲ್ಲಿ ಸುತ್ತಿ ಹೊತ್ತು ತಂದು ಓ ಅನ್ನಿಸುವವರೆಗೆ ಕರಿಹಲಗೆಯ ಮುಂದೆ ನಿಂತಿದ್ದರಂತೆ. ಜಗಳ ಮಾಡುವವರಂತೂ ಬಹಳ ಹುಷಾರು. ಸಿಟ್ಟಿನಲ್ಲಿ ಎದುರಾಳಿಯ ಹೆಸರು ಹಿಡಿದು ಕೂಗಿದಿರೋ, ಅವನು ತುಟಿ ಬಿಗಿದು ನಗುತ್ತಾ ಮನೆಗೆ ಹೋಗಿ ಉಂಡು ಮಲಗಿಬಿಡುತ್ತಾನೆ. ನಮ್ಮಲ್ಲಿ ಬೈಗುಳಗಳು ಇಷ್ಟೊಂದು ಬೆಳೆದದ್ದು ಅದಕ್ಕೇ ಇರಬೇಕು, ಹೆಸರಿನ ಜಾಗದಲ್ಲಿ ಏನಾದರೂ ಬೇಕಲ್ಲ.

ಹೊರಗಿನವರ ಕಾಲಿಗೆ ಈ ಕಟ್ಟು ಇಲ್ಲ. ಅವರು ಕರೆಯುತ್ತಾರೆ, ಉತ್ತರ ಬರಲಿ ಬಿಡಲಿ ನಡೆದು ಹೋಗುತ್ತಾರೆ. ಅದನ್ನು ಮೊದಲ ಸಲ ಕಂಡ ನಮ್ಮ ಮಕ್ಕಳು ಬಾಯಿಬಿಟ್ಟು ನೋಡುತ್ತವೆ.

ನಾನು ಈ ಊರಿನ ಓಗಾರ್ತಿ. ಸತ್ತವರ ಪರವಾಗಿ ಓ ಅನ್ನುವುದು ನನ್ನ ಕೆಲಸ. ಮನುಷ್ಯರ ನಾಲಿಗೆಗೆ ಸಾವು ಬೇಗ ಗೊತ್ತಾಗುವುದಿಲ್ಲ. ಗಂಡ ತೀರಿ ಆರು ತಿಂಗಳಾದ ಮೇಲೂ ಹಿತ್ತಿಲ ಬಾಗಿಲಲ್ಲಿ ನಿಂತು "ಏನ್ರೀ, ಒಂದೀಟು ಹಗ್ಗ ಕೊಡ್ರಿ" ಅಂದುಬಿಡುತ್ತಾರೆ. ಅಂದ ತಕ್ಷಣ ನೆಲ ಹಿಡಿಯುತ್ತಾರೆ. ಆಗ ನೆರೆಯವರು ನನಗೆ ಹೇಳಿಕಳಿಸುತ್ತಾರೆ. ನಾನು ಹೋಗಿ ಅವರ ಮುಂದೆ ನಿಲ್ಲುತ್ತೇನೆ. ಅವರು "ಅವರ ಬದಲಿ ನೀ ಅನ್ನವ್ವ" ಅಂತ ಕೇಳುತ್ತಾರೆ. ನಾನು ಓ ಅನ್ನುತ್ತೇನೆ. ಕಾಲು ಬಿಡುತ್ತದೆ, ಕಣ್ಣೀರೂ ಬಿಡುತ್ತದೆ, ಒಂದು ಲೋಟ ಚಹಾ ಕುಡಿದು ನಾನು ಬರುತ್ತೇನೆ. ಈ ಕೆಲಸ ನನಗೆ ಸೋದರತ್ತೆ ರಾಚವ್ವನಿಂದ ಬಂದದ್ದು. ಅತ್ತೆ ಎರಡೇ ಮಾತು ಹೇಳಿಕೊಟ್ಟಿದ್ದಳು. ಕರೆದವರು ತಾವಾಗಿ ಕೇಳದೆ ಓ ಅನ್ನಬೇಡ, ಅಂದರೂ ನಾಟುವುದಿಲ್ಲ. ಬದುಕಿದ್ದವರ ಪರವಾಗಿ ಯಾವತ್ತೂ ಅನ್ನಬೇಡ. ಅಂದರೆ ಏನಾಗುತ್ತದೆ ಅತ್ತೆ ಎಂದು ಕೇಳಿದ್ದಕ್ಕೆ, "ನನಗೇನ್ ಗೊತ್ತು, ನಾ ಅಂದಿಲ್ಲ" ಎಂದು ಎಲೆಗೆ ಸುಣ್ಣ ಹಚ್ಚಿಕೊಂಡು ಕೂತಳು.

ದಿನವೂ ಒಂದೇ ಮಾತು ಆಡಿ ಬದುಕುವವಳಿಗೆ ಆ ಮಾತಿನ ಮೇಲೆ ಕುತೂಹಲ ಹುಟ್ಟದೆ ಇರುತ್ತದೆಯೇ? ಒಂದೇ ಅಕ್ಷರ. ತುಟಿ ದುಂಡಗೆ ಮಾಡಿ ಉಸಿರು ಬಿಟ್ಟರೆ ಮುಗಿಯಿತು. ಅದರೊಳಗೆ ಕಾಲು ಬಿಡಿಸುವಂಥದ್ದು ಏನಿದೆ? ನಮ್ಮದೇ ಮಾತಿನಲ್ಲಿ ನೋಡಿದರೆ ಅದಕ್ಕೆ ನೆಲೆಯೇ ಇಲ್ಲ. ಕರೆಯುವುದಕ್ಕೂ ಓ, ಕರೆದದ್ದಕ್ಕೆ ಉತ್ತರಕ್ಕೂ ಓ. ಬೆರಗಾದರೆ ಓ, ಅಷ್ಟೇನಾ ಅನ್ನುವ ತಾತ್ಸಾರಕ್ಕೂ ಓ. ಬಾರೋ, ಕೂಡೋ ಎಂದು ಮುದ್ದಿನ ಹಿಂದೆ ಅಂಟುವುದೂ ಅದೇ, ಹೌದೋ ಇಲ್ಲವೋ ಎಂದು ಅನುಮಾನದ ಹಿಂದೆ ಅಂಟುವುದೂ ಅದೇ. ನಮ್ಮ ಊರು ಹೊಳೆಯ ದಾರಿಯಲ್ಲಿದೆ, ನಾನಾ ದೇಶದವರು ದಾಟಿ ಹೋಗುತ್ತಾರೆ. ಸಿಕ್ಕವರನ್ನೆಲ್ಲ ಕೂರಿಸಿಕೊಂಡು, ನಿಮ್ಮಲ್ಲಿ ಓ ಅಂದರೆ ಏನು ಎಂದು ಕೇಳುವ ಚಟ ನನಗೆ ಹತ್ತಿತು. ಹೂವು ಜೋಡಿಸುವುದನ್ನು ಕಲಿಸುತ್ತಾ ತಿರುಗುತ್ತಿದ್ದ ಜಪಾನಿನ ಮುದುಕ, ತಮ್ಮಲ್ಲಿ ಚಹಾಕ್ಕೂ ಮರ್ಯಾದೆ ಕೊಡಬೇಕಾದರೆ ಅದರ ಹೆಸರಿನ ಮೊದಲಿಗೆ ಒಂದು ಓ ಇಡುತ್ತೇವೆ ಅಂದ. ಕೊರಿಯಾದ ಬೀಜದ ವ್ಯಾಪಾರಿ ಐದು ಬೆರಳು ತೋರಿಸಿದ. ಇಟಲಿಯವಳೊಬ್ಬಳು ಬಲಗೈಯಲ್ಲಿ ಬಾಳೆಹಣ್ಣು, ಎಡಗೈಯಲ್ಲಿ ಪೇರಲ ಹಿಡಿದು ಇದು ಓ ಅದು ಎಂದು ತೂಗಿ ತೋರಿಸಿದಳು. ಅವರಲ್ಲಿ ಅದು ಅಥವಾ. ಐರಿಷ್‌ ಜನರಲ್ಲಿ ಮನೆತನದ ಹೆಸರಿನ ಮೊದಲಿಗೆ ಓ ಇದ್ದರೆ ಇಂಥವರ ಮೊಮ್ಮಗ ಎಂದು ತಿಳಿಯಬೇಕಂತೆ. ಮೊಮ್ಮಗ, ಐದು, ಮರ್ಯಾದೆ, ಅಥವಾ! ನಾನು ಎಲ್ಲವನ್ನೂ ಗೋಡೆಯ ಮೇಲೆ ಇದ್ದಲಿನಿಂದ ಬರೆದಿಟ್ಟೆ. ಬರೆದಷ್ಟೂ ಗೊಂದಲ ಹೆಚ್ಚಾಯಿತೇ ಹೊರತು ಕಾಲು ಬಿಡಿಸುವ ಗುಟ್ಟು ಸಿಗಲಿಲ್ಲ.

ಆ ದಿನ ನಾನು ಹೊಳೆಯ ಆಚೆ ದಡದ ಕೇರಿಯಲ್ಲಿ ಒಂದು ಕೆಲಸ ಮುಗಿಸಿ ಹರಿಗೋಲಿಗೆ ಕಾಯುತ್ತಿದ್ದೆ. ಮಧ್ಯಾಹ್ನದ ಹೊತ್ತು. ನನ್ನ ಜೊತೆ ಇನ್ನಿಬ್ಬರಿದ್ದರು. ಒಬ್ಬಳು ಕೋಟಮ್ಮ, ತೆಲುಗು ಸೀಮೆಯಿಂದ ವರ್ಷಕ್ಕೆರಡು ಸಲ ಬಳೆಯ ಮಲಾರ ಹೊತ್ತು ಬರುವವಳು, ನನಗೆ ಹಳೆಯ ಪರಿಚಯ. ಇನ್ನೊಬ್ಬ ಇಲ್ಯಾಸ, ತುರ್ಕಿಯ ಜಮಖಾನೆ ಮಾರುವವನು, ನಾಲ್ಕು ಮಾತು ನಮ್ಮ ಭಾಷೆ ಬರುತ್ತಿತ್ತು. ಹರಿಗೋಲು ಎದುರು ದಡದಲ್ಲಿ, ಊರಿನ ಕಡೆ ಇತ್ತು. ಅಂಬಿಗ ಹುಲಿಗೆಪ್ಪ ಅದಕ್ಕೆ ಟಾರು ಬಳಿಯುತ್ತಾ ಕೂತಿದ್ದ. ಮೇಲಿನ ಅಣೆಕಟ್ಟೆಯವರು ನೀರು ಬಿಟ್ಟಿದ್ದರು, ಹೊಳೆ ನಿಧಾನವಾಗಿ ಏರುತ್ತಿತ್ತು.

ಆಗ ಹಿಂದಿನ ಬಂಡಿದಾರಿಯಿಂದ ಒಬ್ಬ ಹೆಂಗಸು ಬಂದಳು. ತಲೆಯ ಮೇಲೆ ಗಂಟು, ಕೈಯಲ್ಲಿ ಬಟ್ಟೆ ಕಟ್ಟಿದ ಗಡಿಗೆ. ನಮ್ಮನ್ನು ಯಾರನ್ನೂ ನೋಡಲಿಲ್ಲ. ಸೀದಾ ನೀರಿನ ಮೇಲಿದ್ದ ಕೊನೆಯ ಮೆಟ್ಟಿಲಿಗೆ ಇಳಿದು, ಎದುರು ದಡದಲ್ಲಿ ಬಗ್ಗಿ ಕೂತವನನ್ನು ಕಂಡಳು, ಬಾಯಿಯಿಂದ ತಾನಾಗಿ ಮಾತು ಹೊರಬಿತ್ತು.

"ಅಣ್ಣಾ!"

ಕೂಗಿದ ಮೇಲೆ ತಾನೇ ಬೆಚ್ಚಿ ಬಾಯಿಗೆ ಕೈ ಇಟ್ಟುಕೊಂಡಳು. ಆಗ ನನಗೆ ಗುರುತು ಹತ್ತಿತು. ದ್ಯಾಮವ್ವ. ಹುಲಿಗೆಪ್ಪನ ತಂಗಿ. ಹನ್ನೊಂದು ವರ್ಷದ ಹಿಂದೆ ಊರು ಬಿಟ್ಟವಳು. ನಾನು ಸೆರಗನ್ನು ಮುಖಕ್ಕೆ ಎಳೆದುಕೊಂಡೆ. ಯಾಕೆಂದು ಮುಂದೆ ಹೇಳುತ್ತೇನೆ, ಆ ಕ್ಷಣಕ್ಕೆ ನನಗೇ ಪೂರ್ತಿ ಗೊತ್ತಿರಲಿಲ್ಲ.

ಎದುರು ದಡದಲ್ಲಿ ಹುಲಿಗೆಪ್ಪ ಎದ್ದು ನಿಂತ. ಟಾರಿನ ಡಬ್ಬಿ ಉರುಳಿತು. ಅವನು ಎರಡೂ ಕೈ ಬಾಯಿಗೆ ಅಡ್ಡ ಹಿಡಿದು ಹೊಳೆಯಗಲ ಕೇಳುವಂತೆ "ಓ" ಅಂದ. ಕೋಟಮ್ಮ "ಆಯ್ತು ಬಿಡಮ್ಮಾ, ಅಂದ" ಅಂದಳು. ದ್ಯಾಮವ್ವ ಕಾಲು ಎತ್ತಲು ನೋಡಿದಳು. ಏಳಲಿಲ್ಲ. ಇನ್ನೊಂದು ಕಾಲು. ಅದೂ ಏಳಲಿಲ್ಲ.

ನನ್ನ ಜನ್ಮದಲ್ಲಿ ಹಾಗಾದದ್ದನ್ನು ನೋಡಿರಲಿಲ್ಲ. ಕರೆದವಳು ಕರೆದಿದ್ದಾಳೆ, ಕರೆಸಿಕೊಂಡವನು ಓ ಅಂದಿದ್ದಾನೆ, ಮೂರು ಜನ ಕಿವಿಯಾರೆ ಕೇಳಿದ್ದೇವೆ. ಹುಲಿಗೆಪ್ಪ ಮತ್ತೆ ಕೂಗಿದ, ಓ. ಇನ್ನೂ ಜೋರಾಗಿ, ಓ. ಬಿಡಲಿಲ್ಲ. ಅವನು ಹರಿಗೋಲನ್ನು ನೀರಿಗೆ ತಳ್ಳಿ ಹುಟ್ಟು ಹಾಕತೊಡಗಿದ. ಸೆಳೆತ ಜೋರಿತ್ತು, ಹರಿಗೋಲು ಸುತ್ತು ಹಾಕಿಕೊಂಡು ಓರೆಯಾಗಿ ಬರುತ್ತಿತ್ತು.

"ದನಿ ಇಲ್ಲೀತನಾ ಸರಿಯಾಗಿ ಮುಟ್ಟಿಲ್ಲೇನೋ" ಅಂದೆ ನಾನು, ಏನಾದರೂ ಅನ್ನಬೇಕಲ್ಲ ಎಂದು.

"ಮುಟ್ಟೇತಿ" ಅಂದಳು ದ್ಯಾಮವ್ವ. ನನ್ನ ಕಡೆ ತಿರುಗಿ ನೋಡಿದಳು. "ಕಾಶವ್ವಕ್ಕ ಅಲ್ಲೇನ್ ನೀನು? ಚಲೋ ಇದ್ದೀ?"

ಇದ್ದೇನೆ ಅಂದೆ. ನೀರು ಅವಳು ನಿಂತ ಮೆಟ್ಟಿಲಿಗೆ ನಾಲ್ಕು ಬೆರಳು ಕೆಳಗಿತ್ತು.

ಇಲ್ಯಾಸನಿಗೆ ನಮ್ಮ ಊರಿನ ವಿಷಯ ಗೊತ್ತಿತ್ತು, ಇಷ್ಟು ಹತ್ತಿರದಿಂದ ಕಂಡಿರಲಿಲ್ಲ. ಅವನು ಮೆಟ್ಟಿಲ ಮೇಲೆ ಮಂಡಿಯೂರಿ ಅವಳ ಪಾದದ ಸುತ್ತ ಬೆರಳಾಡಿಸಿ ನೋಡಿದ, ಕಲ್ಲಿಗೂ ಹಿಮ್ಮಡಿಗೂ ನಡುವೆ ಕೂದಲೂ ಹೋಗದು. "ನಾನು ಹೇಳಿ ನೋಡಲಾ? ನಮ್ಮದೂ ಓ ಇದೆ" ಎಂದು ಕೇಳಿದ. ಅನ್ನು ಅಂದೆವು. ಅವನು ಬರುತ್ತಿದ್ದ ಹರಿಗೋಲಿನ ಕಡೆ ಕೈ ಚಾಚಿ, ಓ ಅಂದ. ಅವರಲ್ಲಿ ಅದಕ್ಕೆ ಅವನು ಎಂದು ಅರ್ಥ. ಅವಳೂ ಅದೇ, ಅದೂ ಅದೇ, ಗಂಡು ಹೆಣ್ಣು ಮರ ಕಲ್ಲು ಎಲ್ಲಕ್ಕೂ ಒಂದೇ. ದ್ಯಾಮವ್ವ ನಕ್ಕಳು, ಆ ಹೊತ್ತಿನಲ್ಲೂ.

"ನಮ್ಮ ಅತ್ತೀಮನ್ಯಾಗೂ ಹಂಗ. ನನ್ನ ಗಂಡನ ಮಾತು ಇವರ ಮಾತಿನ ದಾಯಾದಿ. ಅಲ್ಲಿ ಓ ಅಂದ್ರ 'ಅವ'. ಹೋದ ಹೊಸದಾಗ ಯಾರರ ಓ ಅಂದ್ರ ಸಾಕು, ಹೊಳ್ಳಿ ನೋಡ್ತಿದ್ದೆ. ಯಾರೋ ಯಾರ ಬಗ್ಗೆನೋ ಮಾತಾಡ್ತಿರ್ತಿದ್ರು. ನನಗ ಮಾತ್ರ ಅಣ್ಣ ಓ ಅಂದ್ಹಂಗ ಆಗ್ತಿತ್ತು."

"ಅಲ್ಲಿ ಕಾಲು?" ಎಂದು ಕೇಳಿದೆ.

"ಅಲ್ಲಿ ಯಾಕ್ ಹಿಡೀತೈತಿ? ದಿನಾ ಎಲ್ಲಾರ್ನೂ ಕರೀತೀನಿ. ಯಾರೂ ಓ ಅನ್ನಂಗಿಲ್ಲ. ನನ್ನ ಪಾಡಿಗೆ ನಾ ಹೋಗ್ತೀನಿ. ಮೊದಲ್ ಮೊದಲ್ ಹಗುರ ಅನಿಸ್ತಿತ್ತಕ್ಕ. ಆಮ್ಯಾಲ ಅನಸಾಕ ಹತ್ತಿತು, ನನ್ನ ಕಾಲು ಹಿಡಿಯೋವಂಥ ಒಂದು ದನೀನೂ ಇಲ್ಲಲ್ಲ ಅಂತ."

ಕೋಟಮ್ಮ ತನ್ನ ಸರದಿ ಬಿಡಲಿಲ್ಲ. ಅವರಲ್ಲಿ ಓ ಅಂದರೆ ಒಂದು. ಕಥೆ ಹೇಳುವಾಗ ಓ ಊರಿನಲ್ಲಿ ಓ ರಾಜ ಎಂದೇ ಶುರು ಮಾಡುತ್ತಾರಂತೆ. ಅವಳೂ ಕಣ್ಣು ಮುಚ್ಚಿ ಭಕ್ತಿಯಿಂದ ಓ ಅಂದಳು. ಏನೂ ಆಗಲಿಲ್ಲ. ನಾನು ನನ್ನ ಗೋಡೆಯ ಮೇಲಿದ್ದ ಐದು, ಅಥವಾ, ಮೊಮ್ಮಗ ಎಲ್ಲವನ್ನೂ ಮನಸ್ಸಿನಲ್ಲೇ ತಿರುವಿ ಹಾಕಿದೆ. ಹುಲಿಗೆಪ್ಪನ ಬಾಯಿಂದ ಬಂದ ಓ ಯಾವುದು? ಅದರಲ್ಲಿ ಏನು ಕಡಿಮೆ ಬಿತ್ತು? ಅಷ್ಟರಲ್ಲಿ ಹರಿಗೋಲು ದಡ ಮುಟ್ಟಿತು.

ಹುಲಿಗೆಪ್ಪ ಮೊಣಕಾಲ ನೀರಿಗೆ ಹಾರಿ ಬಂದು ತಂಗಿಯ ಎದುರಿಗೆ ನಿಂತ. ಗಡ್ಡ ಬೆಳ್ಳಗಾಗಿತ್ತು, ಅದನ್ನು ಅವಳು ನೋಡಿದಳು. ಅವನು ಅವಳ ಮುಖದ ಹತ್ತಿರ ಬಗ್ಗಿ, ಮಗುವಿಗೆ ಹೇಳಿದಷ್ಟು ಮೆಲ್ಲಗೆ, ಓ ಅಂದ. ಅವಳ ಕಾಲು ಅಲುಗಲಿಲ್ಲ. ನೀರು ಮೆಟ್ಟಿಲು ಹತ್ತಿ ಅವಳ ಹೆಬ್ಬೆರಳು ಮುಟ್ಟಿತು.

ಆಗ ನನಗೆ ತಿಳಿಯಿತು. ಮಾತಿನಲ್ಲಿ ಏನೂ ಕಡಿಮೆ ಬಿದ್ದಿರಲಿಲ್ಲ. ಕಡಿಮೆ ಮಾಡಿದವಳು ನಾನು. ಈಗ ಅದನ್ನು ಹೇಳಲೇಬೇಕು.

ದ್ಯಾಮವ್ವನನ್ನು ಸಾಕಿದವನು ಹುಲಿಗೆಪ್ಪನೇ. ಅವ್ವ ಅಪ್ಪ ಇಬ್ಬರೂ ಒಂದೇ ಬೇಸಿಗೆಯಲ್ಲಿ ಹೋದಾಗ ಅವಳಿಗೆ ನಾಲ್ಕು ವರ್ಷ. ಅವಳು ದೊಡ್ಡವಳಾದ ಮೇಲೆ, ಸವೆದ ಬೀಸುಕಲ್ಲಿಗೆ ಹಲ್ಲು ಹೊಡೆಯಲು ದೂರದಿಂದ ಬಂದ ಬೇರೆ ಮಾತಿನ ಒಬ್ಬ ಆಳನ್ನು ಮೆಚ್ಚಿದಳು. ಅಣ್ಣನೇ ಮುಂದೆ ನಿಂತು ಮದುವೆ ಮಾಡಿದ, ಊಟಕ್ಕೆ ಇಡೀ ಕೇರಿಯನ್ನು ಕೂರಿಸಿದ. ಹೊರಡುವ ದಿನ ಅವಳು ಹೊಳೆಯ ದಂಡೆಯಲ್ಲಿ ನಿಂತು, ಹೋಗಿ ಬರ್ತೀನಿ ಅನ್ನಲು ಅವನನ್ನು ಕರೆದಳು. ಹತ್ತು ಹೆಜ್ಜೆ ದೂರದ ಗುಡಿಸಲೊಳಗೆ ಅವನಿದ್ದ. ಓ ಅನ್ನಲಿಲ್ಲ. ಗಂಡ ದೋಣಿಯಲ್ಲಿ ಕಾದ. ಒಂದು ದಿನ ಕಳೆಯಿತು, ಎರಡನೆಯ ದಿನವೂ ಬಿಸಿಲು ಏರಿತು. ಅವಳ ತಲೆಯ ಮೇಲೆ ಯಾರೋ ಚಾಪೆ ಹಿಡಿದಿದ್ದರು. ಆಗ ಹುಲಿಗೆಪ್ಪ ಹಿಂಬಾಗಿಲಿನಿಂದ ಬಂದು ನನ್ನ ಮುಂದೆ ನಿಂತು, "ನನ್ನಿಂದ ಆಗವಲ್ದವ್ವ. ನನ್ನ ಬದಲಿ ನೀ ಅಂದುಬಿಡು" ಅಂದ. ಅತ್ತೆ ತೀರಿ ಆರು ತಿಂಗಳಾಗಿತ್ತು. ನಾನು ಹೊಸಬಳು. ಬದುಕಿದ್ದವರ ಪರ ಅನ್ನಬಾರದು ಎಂದು ಗೊತ್ತಿತ್ತು, ಯಾಕೆಂದು ಗೊತ್ತಿರಲಿಲ್ಲ, ಮತ್ತು ನಿಜ ಹೇಳುತ್ತೇನೆ, ಅಂದರೆ ಏನಾಗುತ್ತದೋ ನೋಡೋಣ ಎಂಬ ಹಾಳು ಕುತೂಹಲವೂ ಇತ್ತು. ದಂಡೆಗೆ ಹೋದೆ. ದ್ಯಾಮವ್ವ ನನ್ನನ್ನು ನೋಡಿದಳು, ಮುಖ ಕಪ್ಪಿಟ್ಟಿತು. "ಹಂಗಾರ ಅವನ ಬದಲಿ ನೀನ ಅನ್ನು" ಅಂದಳು. ನಾನು ಅಂದೆ. ಕಾಲು ಬಿಟ್ಟಿತು. ಅವಳು ಹಿಂದಿರುಗಿ ನೋಡದೆ ದೋಣಿ ಹತ್ತಿದಳು. ಏನೂ ಆಗಲಿಲ್ಲವಲ್ಲ ಎಂದು ನಾನು ಮನೆಗೆ ಬಂದು ರೊಟ್ಟಿ ತಟ್ಟಿದೆ.

ಆದದ್ದು ಇದು. ನಾನು ಒಬ್ಬರ ಪರವಾಗಿ ಒಮ್ಮೆ ಓ ಅಂದರೆ, ಆ ಕರೆದವರ ಪಾಲಿಗೆ ಉತ್ತರ ಕೊಡುವ ಹಕ್ಕು ಅಲ್ಲಿಂದ ಮುಂದೆ ನನ್ನದೇ. ಸತ್ತವರ ವಿಷಯದಲ್ಲಿ ಅದು ಯಾರಿಗೂ ಅಡ್ಡಿಯಲ್ಲ. ಹುಲಿಗೆಪ್ಪ ಮಾತ್ರ ಬದುಕಿದ್ದ. ಆದರೆ ತಂಗಿಯ ಪಾಲಿಗೆ ಅವನು ಸತ್ತವರ ಲೆಕ್ಕಕ್ಕೆ ಸೇರಿದ್ದ, ಅವಳ ಕರೆಗೆ ಅವನ ಗಂಟಲು ಹರಿದು ಹೋದರೂ ಇನ್ನು ನಾಟದು.

ಇಷ್ಟನ್ನೂ ನಾನು ಅವರಿಬ್ಬರ ಎದುರು ತಡವರಿಸುತ್ತಾ ಹೇಳಿದೆ. ಕಾಲಿಗೆ ಬೀಳಲು ಹೋದೆ, ನೀರಿತ್ತು. "ತಪ್ಪಾತವ್ವ. ನನ್ನ ಕೇಳು, ಈಗ ಅಂದುಬಿಡ್ತೀನಿ, ಕಾಲು ಬಿಡ್ತೈತಿ. ನೀರು ಏರಾಕತ್ತೇತಿ."

"ಬ್ಯಾಡ" ಅಂದಳು ದ್ಯಾಮವ್ವ.

"ಕೇಳ ದ್ಯಾ–" ಎಂದು ಹುಲಿಗೆಪ್ಪ ಬಾಯಿಗೆ ಬಂದ ಹೆಸರನ್ನು ನುಂಗಿದ. ನಮ್ಮೂರಿನವರಿಗೆ ಅದು ಅಭ್ಯಾಸ. "ಕೇಳವ್ವ. ಕಾಲು ಬಿಡಲಿ. ನಾ ನಿನ್ನ ಪಾಲಿಗೆ ಸತ್ರ ಸಾಯ್ತೀನಿ, ನೀ ದಡಕ್ಕ ಹತ್ತು."

"ಎಂಟು ತಿಂಗಳ ದಾರಿ ನಡಕೊಂಡು ಬಂದೀನಿ. ಸತ್ತವನ್ನ ನೋಡಾಕ ಬಂದಿಲ್ಲ" ಅಂದಳು ಅವಳು. "ಇನ್ನೊಂದ್ ಸಲ ಈಕೀ ಕಡೆಯಿಂದ ಅನ್ನಿಸಿಕೊಂಡು ನಾ ಹೋಗೂದಿಲ್ಲ. ನೀರು ಬಂದ್ರ ಬರಲಿ."

ನೀರು ಅವಳ ಕಾಲುಂಗುರ ಮುಚ್ಚಿತು. ಅವಳು ಕೇಳದೆ ನಾನು ಓ ಅಂದರೂ ಪ್ರಯೋಜನವಿಲ್ಲ, ಆದರೂ ತಡೆಯಲಾರದೆ ಎರಡು ಸಲ ಅಂದೆ. ಹುಲಿಗೆಪ್ಪ ಅವಳ ಹಿಮ್ಮಡಿಯ ಕೆಳಗೆ ಹುಟ್ಟಿನ ತುದಿ ತೂರಿಸಲು ನೋಡಿದ. ಇಲ್ಯಾಸ ಜಮಖಾನೆಯ ಹಗ್ಗ ಬಿಚ್ಚಿ ಅವಳ ಸೊಂಟಕ್ಕೆ ಕಟ್ಟಿದ, ಸೆಳೆತಕ್ಕೆ ಬೀಳದೆ ಇರಲಿ ಎಂದು. ಕಲ್ಲನ್ನೇ ಕೀಳೋಣ ಅಂದ. ಆ ಕಲ್ಲು ಕೀಳಲು ಹದಿನಾರು ಎತ್ತು ಬೇಕು.

ಕೋಟಮ್ಮ ಮಾತ್ರ ಮಲಾರದ ಪಕ್ಕ ಕೂತು ಯೋಚಿಸುತ್ತಿದ್ದಳು. ಅವಳು ಹೊರಗಿನವಳು, ನಮ್ಮ ಕಟ್ಟುಕಟ್ಟಳೆ ಅವಳಿಗೆ ಹುಟ್ಟಿನಿಂದ ಬಂದದ್ದಲ್ಲ, ಹಾಗಾಗಿ ನಾವು ಯಾರೂ ಕೇಳದ್ದನ್ನು ಅವಳಿಗೆ ಕೇಳಲು ಆಯಿತು.

"ಅಲ್ಲಕ್ಕಾ, ಸತ್ತೋರು ಓ ಅನ್ನಲ್ಲ, ಸರಿ. ಸತ್ತೋರು ಕರೀತಾರಾ?"

ಎಲ್ಲರೂ ಅವಳ ಕಡೆ ನೋಡಿದೆವು.

"ಕರೆಯೋರ ಕಾಲು ತಾನೇ ಹಿಡಿಯೋದು? ಸತ್ತೋರಿಗೆ ಕಾಲಿಲ್ಲ, ಹಿಡಿಯಲ್ಲ. ಈಯಪ್ಪ ತಂಗೀನ ಕರೀಲಿ. ಕಾಲು ಹಿಡಿದ್ರೆ ಇನ್ನೂ ಬದುಕವ್ನೆ ಅಂತ ಅಲ್ವಾ? ಬದುಕಿದ್ದೋನ ಓ ನಾಟಲೇಬೇಕಲ್ಲ?"

ಇಷ್ಟು ಸುಲಭದ ಮಾತು. ಮೂವತ್ತು ವರ್ಷ ನನ್ನ ಅತ್ತೆಗೂ, ಹನ್ನೊಂದು ವರ್ಷ ನನಗೂ ಹೊಳೆದಿರಲಿಲ್ಲ. ನಾವಿಬ್ಬರೂ ಓ ಅನ್ನುವ ಕಡೆಯೇ ತಡಕುತ್ತಿದ್ದೆವು. ಕರೆಯುವ ಕಡೆ ತಿರುಗಿಯೂ ನೋಡಿರಲಿಲ್ಲ. ಆದರೆ ಹುಲಿಗೆಪ್ಪನ ಮುಖ ನೋಡಿದಾಗ ಇದು ಸುಲಭವಲ್ಲ ಎಂದು ಗೊತ್ತಾಯಿತು. ಅವನು ಒಂದು ಹೆಜ್ಜೆ ಹಿಂದೆ ಸರಿದ.

"ಕರಿ" ಅಂದೆ.

"ಕರದ ಮ್ಯಾಲೂ ಕಾಲು ಎದ್ರ?" ಅಂದ ಅವನು, ನನ್ನೊಬ್ಬಳಿಗೆ ಕೇಳುವಷ್ಟು ಸಣ್ಣಗೆ. "ಎದ್ದುಬಿಟ್ರ ಏನ್ ಮಾಡ್ಲಿ? ಈಗಾದ್ರ ಬದುಕಿದ್ರೂ ಇರಬಹುದು ಅನ್ನೂದಾದ್ರೂ ಐತಿ."

ಅರವತ್ತರ ಹತ್ತಿರದ ಗಂಡಸು, ಮಹಾಪೂರದಲ್ಲಿ ಎಮ್ಮೆ ದಾಟಿಸಿದವನು, ಒಂದು ಹೆಸರು ಕೂಗಲು ಹೆದರುತ್ತಿದ್ದ. ಪಾಪ ಅನ್ನಿಸಿತು, ನನ್ನ ಮೇಲೆ ನನಗೇ ಅಸಹ್ಯವೂ ಆಯಿತು. ನೀರು ದ್ಯಾಮವ್ವನ ಮೀನಖಂಡಕ್ಕೆ ಬಂದಿತ್ತು, ಅವಳು ಗಡಿಗೆಯನ್ನು ಎದೆಗೆ ಅವಚಿಕೊಂಡು ಅಣ್ಣನ ಕಾಲನ್ನೇ ನೋಡುತ್ತಿದ್ದಳು.

ಅವನು ಹುಟ್ಟನ್ನು ಇಲ್ಯಾಸನ ಕೈಗೆ ಕೊಟ್ಟ. ಪಂಚೆ ಎತ್ತಿ ಕಟ್ಟಿದ. ಅವಳಿಗಿಂತ ಒಂದು ಮೆಟ್ಟಿಲು ಕೆಳಗೆ, ತೊಡೆಮಟ್ಟದ ನೀರಿನಲ್ಲಿ ಎರಡೂ ಕಾಲು ಊರಿ ನಿಂತ. ಮೇಲೆ ಒಣಗಿದ ಜಾಗ ಬೇಕಾದಷ್ಟಿತ್ತು. ಅಲ್ಲಿಗೆ ಯಾಕೆ ಹೋಗಲಿಲ್ಲ ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ.

"ದ್ಯಾಮೀ!" ಅಂದ.

ಆ ಹೆಸರಿನಿಂದ ಅವಳನ್ನು ಕರೆಯುತ್ತಿದ್ದವನು ಅವನೊಬ್ಬನೇ. ಅವನು ಬಲಗಾಲು ಎತ್ತಲು ನೋಡಿದ. ಬಗ್ಗಿ ಎರಡೂ ಕೈಯಿಂದ ತೊಡೆ ಹಿಡಿದು ಎಳೆದ. ಎಡಗಾಲು ಎಳೆದ. ಮತ್ತೆ ಬಲಗಾಲು. ನೀರು ಅವನ ಸುತ್ತ ಕದಡಿತು, ಅವನು ಕದಲಲಿಲ್ಲ.

"ಹಿಡದೈತಿ" ಅಂದ. ನಂಬಿಕೆ ಬಾರದೆ ಇನ್ನೊಮ್ಮೆ ಎಳೆದು ನೋಡಿದ. "ಹಿಡದೈತಲೇ! ನೋಡಿಲ್ಲಿ, ಹಿಡದೈತಿ! ಒಂದ್ ಕೂದಲಷ್ಟೂ ಏಳವಲ್ದು!" ಎಂದು ನಗತೊಡಗಿದ, ನಗುನಗುತ್ತಲೇ ಅಳುತ್ತಿದ್ದ. ಸಿಕ್ಕಿಹಾಕಿಕೊಂಡದ್ದಕ್ಕೆ ಅಷ್ಟು ಸಂತೋಷಪಟ್ಟ ಮನುಷ್ಯನನ್ನು ನಾನು ಕಂಡಿಲ್ಲ. ಆ ನಗುವಿನ ನಡುವೆಯೇ ತಂಗಿಯ ಕಡೆ ಮುಖ ಎತ್ತಿ, ಅವಳು ಕರೆದು ಅರ್ಧ ಗಂಟೆಯಾಗಿದ್ದ ಆ ಕರೆಗೆ, ಓ ಅಂದ.

ದ್ಯಾಮವ್ವನ ಕಾಲು ಬಿಟ್ಟಿತು. ತೂಕ ತಪ್ಪಿ ಅವಳು ಹಿಂದಕ್ಕೆ ಬಿದ್ದಳು, ಇಲ್ಯಾಸ ಹಗ್ಗ ಹಿಡಿದು ಮೇಲಕ್ಕೆ ಎಳೆದುಕೊಂಡ. ಕೋಟಮ್ಮ ಗಡಿಗೆ ಹಿಡಿದಳು.

ನಾವೆಲ್ಲ ಮುಗಿಯಿತು ಅಂದುಕೊಂಡೆವು. ಇನ್ನು ಅವಳೊಂದು ಓ ಅಂದರೆ ಅವನೂ ದಡಕ್ಕೆ ಬರುತ್ತಾನೆ. ಅವಳು ಅನ್ನಲಿಲ್ಲ. ನಾಲ್ಕು ಮೆಟ್ಟಿಲು ಹತ್ತಿ ಒಣಗಿದ ಕಲ್ಲಿನ ಮೇಲೆ ಕೂತಳು. ಸೊಂಟದ ಹಗ್ಗ ಬಿಚ್ಚಿ ಸುರುಳಿ ಸುತ್ತಿ ಇಲ್ಯಾಸನಿಗೆ ಕೊಟ್ಟಳು. ಸೀರೆಯ ಅಂಚು ಹಿಂಡಿದಳು. ಆಮೇಲೆ ಸುಮ್ಮನೆ ಅಣ್ಣನನ್ನು ನೋಡುತ್ತಾ ಕೂತಳು. ನೀರು ಅವನ ಸೊಂಟಕ್ಕೆ ಬಂತು. ಅವನ ನಗು ಅಡಗಿತ್ತು.

"ಎರಡು ದಿನ ನಿಂತಿದ್ದೆ" ಅಂದಳು.

"ಹೌದು."

"ಬಾಗಿಲ ಸಂದಿಯಿಂದ ನೋಡ್ತಿದ್ದಿ. ನಿನ್ನ ಪಂಚೆ ಕಾಣತಿತ್ತು ನನಗ. ಅಂಥಾದ್ದೇನ್ ಮಾಡಿದ್ದೆ ನಾ? ಅವನ್ನ ಕಟಗೋಬ್ಯಾಡ ಅಂದಿದ್ರ ಕಟಗೋತಿದ್ದಿಲ್ಲ. ನೀನ ಅಕ್ಕಿಕಾಳು ಹಾಕಿದಿ. ಆಮ್ಯಾಲ ಒಂದು ಓ ಅನ್ನಾಕ ನಿನ್ನ ಬಾಯಿ ಯಾಕ್ ಬರಲಿಲ್ಲ?"

ಸೆಳೆತ ಹುಲಿಗೆಪ್ಪನನ್ನು ಓರೆಯಾಗಿ ಬಗ್ಗಿಸುತ್ತಿತ್ತು.

"ಓ ಅಂದ್ರ ನಿನ್ನ ಕಾಲು ಬಿಡತಿತ್ತು" ಅಂದ. "ಬಿಟ್ರ ಹೋಗ್ತಿದ್ದಿ. ಅನ್ನದ ಇದ್ರ ಅಲ್ಲೇ ಇರ್ತಿದ್ದಿ. ಬಿಸಲಾಗ, ಕಣ್ಮುಂದ. ಇನ್ನೊಂದ್ ಗಳಿಗಿ ಇರಲಿ, ಇನ್ನೊಂದ್ ಗಳಿಗಿ ಇರಲಿ ಅಂತ... ಎರಡು ದಿನ ಆತು. ಆಮ್ಯಾಲ ನಿನ್ನ ತುಟಿ ಒಡದು ರಕ್ತ ಬಂತು, ನೋಡಿದೆ. ಬಿಡಬೇಕು, ಆದ್ರ ನನ್ನ ಬಾಯಿಂದ ಬಿಡಾಕ ಆಗಲಿಲ್ಲ. ಅದಕ್ಕ ಈಕಿ ಕಡೆ ಹೋದೆ. ಹೇಡಿ ಕೆಲಸ. ಗೊತ್ತು."

ದ್ಯಾಮವ್ವ ತಲೆ ತಗ್ಗಿಸಿದಳು. "ನನಗ ನೀ ಸಿಟ್ಟಾಗಿದ್ದಿ ಅನಿಸಿತ್ತು" ಅಂದಳು. "ಹನ್ನೊಂದು ವರ್ಷ ಹಂಗ ತಿಳಕೊಂಡು ಸಂಸಾರ ಮಾಡೀನಿ." ಆಮೇಲೆ ನನ್ನ ಕಡೆ ತಿರುಗಿ, "ನೀ ಅಳಬ್ಯಾಡಕ್ಕ, ನಿನ್ನ ಕೇಳಿದಾಕಿ ನಾನ" ಅಂದಳು. ಆಗಲೇ ನನಗೆ ಗೊತ್ತಾದದ್ದು ನಾನು ಅಳುತ್ತಿದ್ದೇನೆ ಎಂದು.

ನೀರು ಅವನ ಹೊಕ್ಕುಳ ದಾಟಿತು. ಇಲ್ಯಾಸ ಹಗ್ಗವನ್ನು ಮತ್ತೆ ಬಿಚ್ಚತೊಡಗಿದ್ದ. ದ್ಯಾಮವ್ವ ಎದ್ದಳು, ಎರಡು ಮೆಟ್ಟಿಲು ಇಳಿದಳು, ಗಂಟಲು ಸರಿಮಾಡಿಕೊಂಡು, ಓ ಅಂದಳು. ಯಾವ ಸಡಗರವೂ ಇಲ್ಲದೆ, ಹಿತ್ತಿಲಿನಿಂದ ಅಂದ ಹಾಗೆ.

ಹುಲಿಗೆಪ್ಪ ತಡವರಿಸುತ್ತಾ ಮೆಟ್ಟಿಲು ಹತ್ತಿ ಬಂದ. ಬಂದವನಿಗೆ ಮುಂದೇನು ಮಾಡಬೇಕೆಂದು ಗೊತ್ತಾಗಲಿಲ್ಲ. ಕೈಯಿಂದ ಗಡ್ಡದ ನೀರು ಒರೆಸಿಕೊಂಡು, ಹುಟ್ಟು ಎಲ್ಲಿ ಎಂದು ಆಚೀಚೆ ಹುಡುಕಿದ. ಅಣ್ಣ ತಂಗಿಯ ನಡುವೆ ಒಂದು ಮಾರು ದೂರ ಕೂಡ ಇರಲಿಲ್ಲ. ಕರೆಯುವ ಅಗತ್ಯವೇ ಇರಲಿಲ್ಲ.

"ಅಣ್ಣಾ" ಅಂದಳು ದ್ಯಾಮವ್ವ. ಈ ಸಲ ಬಾಯಿ ತಪ್ಪಿ ಬಂದದ್ದಲ್ಲ. ಎರಡೂ ಕಾಲು ಜೋಡಿಸಿ, ಬೇಕೆಂದೇ ಅಂದಳು.

ಅವಳ ಮಾತು ಮುಗಿಯುವುದರೊಳಗೆ ಅವನು ಓ ಅಂದುಬಿಟ್ಟ.

"ಅಣ್ಣಾ."

"ಓ."

"ಅಣ್ಣಾ."

"ಓ."

ಹೊತ್ತಾಯಿತು, ದಾಟಿಸಿರಿ ಎಂದು ಹೇಳಲು ಕೋಟಮ್ಮ ಬಾಯಿ ತೆರೆದಳು. ನಾನು ಅವಳ ಭುಜ ತಟ್ಟಿ ಪಕ್ಕದಲ್ಲಿ ಕೂರಿಸಿಕೊಂಡೆ.